ಕೆರೆಯ ಕಾಯಕ: ಅಗರದ ಶಾಸನದಿಂದ ಕೈಕೊಂಡ್ರಹಳ್ಳಿಯವರೆಗೆ

ಕೆರೆಯನ್ನು ಕಟ್ಟಿಸುವುದು ಮಹತ್ಪುಣ್ಯದ ಕಾರ್ಯವೆಂಬ ಭಾವನೆ ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದುದು. ನಾಡಿನ ನಾನಾ ಭಾಗಗಳಲ್ಲಿ ದೊರೆತಿರುವ ಶಿಲಾಶಾಸನಗಳು ಕೆರೆಯನ್ನು ಕಟ್ಟಿಸಿದವರ ಹೆಸರನ್ನೂ ವಂಶವನ್ನೂ ದಾನವನ್ನೂ ಸವಿಸ್ತಾರವಾಗಿ ಕೀರ್ತಿಸುತ್ತವೆ. ಆದರೆ ಕಟ್ಟಿದ ಕೆರೆಯನ್ನು ಉಳಿಸಿಕೊಂಡು ಬಂದವರ ಹೆಸರು ಕಲ್ಲಿನಲ್ಲಿ ಕಾಣಸಿಗುವುದು ವಿರಳ. ಮುಂಗಾರಿಗೆ ಮುನ್ನ ತೂಬಿನ ಬಾಯನ್ನು ಬಿಡಿಸಿದವನು, ಏರಿಯಲ್ಲಿ ಇಲಿ-ಏಡಿಗಳು ತೋಡಿದ ಬಿಲಗಳನ್ನು ಹುಡುಕಿ ಮುಚ್ಚಿದವನು, ಬೇಸಗೆಯಲ್ಲಿ ಒಣಗಿದ ಅಂಗಳದಿಂದ ಹೂಳನ್ನು ಬಂಡಿಗೆ ತುಂಬಿದವನು, ಇವರೆಲ್ಲರೂ ಅನಾಮಧೇಯರಾಗಿಯೇ ಉಳಿದರು. ಕೆರೆಯ ಜನ್ಮವು ಕಟ್ಟಿಸಿದವನ ಸಂಕಲ್ಪದಿಂದ ಆದರೂ ಅದರ ಆಯುಸ್ಸು ಈ ಅನಾಮಧೇಯರ ದುಡಿಮೆಯಿಂದಲೇ ಬೆಳೆದುದು. ಬೆಂಗಳೂರು ದಂಡುಪ್ರದೇಶ ಹಾಗೂ ಅದರ ಪೂರ್ವಭಾಗದ ಕೆರೆಗಳ ಸಾವಿರಕ್ಕೂ ಮಿಕ್ಕಿದ ವರ್ಷಗಳ ಇತಿಹಾಸವನ್ನು ಅವಲೋಕಿಸಿದಾಗ ಈ ಸತ್ಯವು ಸ್ಪಷ್ಟವಾಗಿ ಗೋಚರಿಸುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ನೆಲೆಸಿರುವ ಊರು. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬಿದ್ದ ಮಳೆಯ ನೀರು ಇಳಿಜಾರಿನಲ್ಲಿ ಹರಿದುಹೋಗುವ ಮುನ್ನ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ತಡೆದು ನಿಲ್ಲಿಸುವುದೇ ಬದುಕಿನ ಏಕೈಕ ಉಪಾಯವಾಗಿತ್ತು. ಆದುದರಿಂದ ಇಲ್ಲಿಯ ಕೆರೆಗಳು ಬಿಡಿಬಿಡಿಯಾದವುಗಳಲ್ಲ, ಒಂದರ ಕೋಡಿ ಮತ್ತೊಂದರ ಒಡಲನ್ನು ತುಂಬುವ ಸರಣಿಗಳು. ಹಲಸೂರಿನ ಕಡೆಯ ನೀರೂ ನಗರದ ನಡುವಣ ನೀರೂ ಬೆಳ್ಳಂದೂರಿಗೆ ಇಳಿದು, ಅಲ್ಲಿಂದ ವರ್ತೂರನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಕೋಡಿಯೂ ಸೌಳ್ ಕೆರೆಯ ಮೂಲಕ ಅದೇ ಬೆಳ್ಳಂದೂರಿಗೆ ಹೋಗುತ್ತದೆ. ಇಂತಹ ವ್ಯವಸ್ಥೆಯಲ್ಲಿ ಮೇಲಿನ ಊರಿನವರು ತಮ್ಮ ಏರಿಯನ್ನು ಅಲಕ್ಷಿಸಿದರೆ ಕೆಳಗಿನ ಊರಿಗೆ ಕೇಡು ತಪ್ಪದು. ಕೆರೆಯು ಊರೂರುಗಳನ್ನು ಒಂದೇ ಹೊಣೆಯಲ್ಲಿ ಕಟ್ಟಿಹಾಕಿತ್ತೆಂಬುದು ಇಲ್ಲಿ ಗಮನಾರ್ಹ.

ಈ ಪ್ರದೇಶದ ಕೆರೆಗಳ ಪ್ರಾಚೀನತೆಗೆ ಎರಡು ಶಾಸನಗಳು ಸಾಕ್ಷಿಯಾಗಿವೆ. ಮೊದಲನೆಯದು ಬೆಳ್ಳಂದೂರಿಗೆ ಸಮೀಪದ ಅಗರದ ಶಾಸನ. ಗಂಗರ ಸತ್ಯವಾಕ್ಯ ಪೆರ್ಮಾನಡಿಯ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 870ರಲ್ಲಿ ಹುಟ್ಟಿದ ಈ ಶಾಸನವು ಇರುಗಮಯ್ಯನ ಮಗನಾದ ಸಿರಿಮಯ್ಯನೆಂಬುವನು ಎರಡು ಕೆರೆಗಳಿಗೆ ತೂಬನ್ನಿಡಿಸಿ, ಮೂರನೆಯದೊಂದು ಕೆರೆಯನ್ನು ಕಟ್ಟಿಸಿ, ಮೂರೂ ಕೆರೆಗಳ ಬಿಟ್ಟುವಟವನ್ನು ಪಡೆದುದನ್ನು ತಿಳಿಸುತ್ತದೆ. ಎರಡನೆಯದು ವಿಭೂತಿಪುರದ ಶಾಸನ. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, ಕ್ರಿ.ಶ. 1307ರ ಈ ತಮಿಳು ಶಾಸನದಲ್ಲಿ ಕಾಡನ್ನು ಕಡಿದು, ನೆಲವನ್ನು ಸಮಗೊಳಿಸಿ, ಮರಳನ್ನು ತೆಗೆದು ಕೆರೆಯನ್ನು ನಿರ್ಮಿಸಿ ಊರೊಂದನ್ನು ನೆಲೆಗೊಳಿಸಿದ ಸಂಗತಿಯಿದೆ. ವೀರಸಿಂಹಾಸನ ಮಠವೊಂದನ್ನು ಹೊಂದಿ ವೀರಶೈವ ಸಮಾಜಕ್ಕೆ ಸುಪರಿಚಿತವಾಗಿರುವ ವಿಭೂತಿಪುರವು ಹೀಗೆ ಕೆರೆಯ ಒಡಹುಟ್ಟಾಗಿಯೇ ಜನಿಸಿದ ಊರು.

ಅಗರದ ಶಾಸನದಲ್ಲಿ ಬರುವ ‘ಬಿಟ್ಟುವಟ’ವೆಂಬ ಒಂದು ಪದದಲ್ಲಿ ಪ್ರಾಚೀನರ ವಿವೇಕವೆಲ್ಲ ಅಡಗಿದೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ನೋಡಿಕೊಳ್ಳುವವನಿಗೆ ಆ ಕೆರೆಯ ಅಚ್ಚುಕಟ್ಟಿನ ಭೂಮಿಯಲ್ಲಿಯೋ ಅದರ ಫಲದಲ್ಲಿಯೋ ಬಿಟ್ಟುಕೊಡುತ್ತಿದ್ದ ಪಾಲೇ ಬಿಟ್ಟುವಟ. ದಶವಂದ, ಕಟ್ಟುಕೊಡಗೆ, ಕೆರೆಕೊಡಗೆ ಎಂಬ ಹೆಸರುಗಳಲ್ಲಿಯೂ ಇಂತಹ ಏರ್ಪಾಡುಗಳಿದ್ದವು. ಹೂಳನ್ನೂ ಏರಿಯ ಮಣ್ಣನ್ನೂ ಸಾಗಿಸಲು ‘ಕೆರೆ ಬಂಡಿ’ಗಳನ್ನಿಟ್ಟು, ಅವುಗಳ ನಿರ್ವಹಣೆಗೆ ಪ್ರತ್ಯೇಕ ದತ್ತಿ ಬಿಟ್ಟುದುಂಟು. ನೀರನ್ನು ಹಂಚುವ ನೀರಗಂಟಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಕೆರೆ ತುಂಬಿದರೆ ಮಾತ್ರ ಗದ್ದೆ ಬೆಳೆಯುವುದು, ಗದ್ದೆ ಬೆಳೆದರೆ ಮಾತ್ರ ಪಾಲು ಸಿಗುವುದು. ಆದುದರಿಂದ ಕೆರೆಯ ಕ್ಷೇಮವೂ ಕೆರೆಯನ್ನು ಕಾಯುವವನ ಕ್ಷೇಮವೂ ಬೇರೆ ಬೇರೆಯಾಗಿರಲಿಲ್ಲ.

ಈ ಜ್ಞಾನವು ಕೇವಲ ರೂಢಿಯದಾಗಿರದೆ ಶಾಸ್ತ್ರರೂಪವನ್ನೂ ಪಡೆದಿತ್ತು. ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನವು ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ಬರಬಹುದಾದ 6 ದೋಷಗಳನ್ನೂ ಎಣಿಸುತ್ತದೆ. ದಿನಕ್ಕೆ 1000 ಮಂದಿ ಆಳುಗಳೂ 100 ಬಂಡಿಗಳೂ ತೊಡಗಿ 2 ವರ್ಷಗಳಲ್ಲಿ ಆ ಕೆಲಸ ಮುಗಿಯಿತೆಂದು ಅದು ಹೇಳುತ್ತದೆ. ದೋಷಗಳ ಪೈಕಿ ಏರಿಯಲ್ಲಿ ನೀರು ಜಿನುಗುವುದೂ ಒಂದು. ಅದೇಕೆಂಬುದು ಕೆರೆಯನ್ನು ಬಲ್ಲವರಿಗೆ ತಿಳಿದ ವಿಷಯ. ಮಣ್ಣಿನ ಏರಿಯು ಒಮ್ಮೆಲೇ ಒಡೆಯುವುದಿಲ್ಲ. ಮೊದಲು ಎಲ್ಲಿಯೋ ಒಂದು ಸಣ್ಣ ಜಿನುಗು ಕಾಣಿಸಿಕೊಳ್ಳುತ್ತದೆ, ಆ ಜಿನುಗು ಒಳಗಿನ ಮಣ್ಣನ್ನು ಕಣಕಣವಾಗಿ ಹೊರಗೆ ತರುತ್ತದೆ, ಬಿರುಮಳೆಯ ಒಂದು ರಾತ್ರಿ ಏರಿ ಕುಸಿಯುತ್ತದೆ. ಹೂಳಿನ ಕಾರ್ಯವೂ ಹೀಗೆಯೇ ಮೌನವಾದುದು. ಪ್ರತಿ ಮಳೆಯೂ ಹಿಡಿಮಣ್ಣನ್ನು ತಂದು ತಳದಲ್ಲಿಡುತ್ತದೆ. ನೋಡುವವರಿಗೆ ನೀರಿನ ಮಟ್ಟ ಎಂದಿನಂತೆಯೇ ಇದ್ದರೂ ಒಳಗಿನ ಆಳ ಕುಗ್ಗುತ್ತ ಹೋಗುತ್ತದೆ. ಹಿಂದೆ ರೈತರು ಬೇಸಗೆಯಲ್ಲಿ ಕೆರೆಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದುದರಿಂದ ಕೆರೆಯ ಹೊರೆಯು ಹೊಲದ ಗೊಬ್ಬರವಾಗುತ್ತಿತ್ತು.

ಇಂತಹ ನಿತ್ಯದುಡಿಮೆಗೆ ಆಧ್ಯಾತ್ಮಿಕ ಮಹತ್ವವನ್ನು ತಂದುಕೊಟ್ಟವರು ಹನ್ನೆರಡನೆಯ ಶತಮಾನದ ಶಿವಶರಣರು. ಈ ಸಂದರ್ಭದಲ್ಲಿ ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯು ಸಹಜವಾಗಿಯೇ ನೆನಪಿಗೆ ಬರುತ್ತದೆ. ಇಂದಿನ ಸೊಲ್ಲಾಪುರವಾದ ಸೊನ್ನಲಿಗೆಯಲ್ಲಿ ಸಿದ್ಧರಾಮನು ಮಹಾಕೆರೆಯನ್ನು ಕಟ್ಟಿಸಿದ ವೃತ್ತಾಂತವನ್ನು ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ವರ್ಣಿಸಿದ್ದಾನೆ. ‘ಶೂನ್ಯಸಂಪಾದನೆ’ಯಲ್ಲಿಯಾದರೋ ಅಲ್ಲಮಪ್ರಭುವು ಆ ಕೆರೆಯ ಕೆಲಸ ನಡೆಯುವ ಸ್ಥಳಕ್ಕೇ ಬಂದು ಸಿದ್ಧರಾಮನನ್ನು ಒಡ್ಡನೆಂದು ಸಂಬೋಧಿಸುತ್ತಾನೆ. ಕೆಲಸದವರು ಕೆರಳುತ್ತಾರೆ. ಕೊನೆಗೆ ಸಿದ್ಧರಾಮನು ಪ್ರಭುವಿನ ಜೊತೆಯಲ್ಲಿ ಕಲ್ಯಾಣಕ್ಕೆ ತೆರಳುತ್ತಾನೆ. ಈ ಪ್ರಸಂಗವನ್ನು ಕೆರೆ ಕಟ್ಟುವ ಕೆಲಸದ ನಿಂದೆಯೆಂದು ಅರ್ಥೈಸುವುದು ಸರಿಯಲ್ಲ. ಪ್ರಭುವಿನ ಆಕ್ಷೇಪವು ಕೆರೆಯ ಮೇಲೆ ಇದ್ದುದಲ್ಲ, ‘ನಾನು ಕಟ್ಟಿಸಿದೆ’ ಎಂಬ ಭಾವದ ಮೇಲೆ ಇದ್ದುದು. ಕಲ್ಲುಮಣ್ಣಿನ ರಾಶಿಯು ತನ್ನ ಕೀರ್ತಿಗೆ ನಿಂತ ಕಂಬವೆಂದು ಬಗೆದರೆ ಕಟ್ಟಿಸಿದವನ ಕೆಲಸ ಅಲ್ಲಿಗೇ ಮುಗಿಯಿತು. ಅದನ್ನು ಲೋಕದ ಬಾಯಾರಿಕೆಗೆ ಸಲ್ಲಿಸುವ ಸೇವೆಯೆಂದು ಬಗೆದರೆ ಆ ಕೆಲಸಕ್ಕೆ ಕೊನೆಯೇ ಇಲ್ಲ.

ನುಲಿಯ ಚಂದಯ್ಯನ ಕಥೆಯು ಇದನ್ನೇ ಮತ್ತೊಂದು ಬಗೆಯಲ್ಲಿ ಸಾರುತ್ತದೆ. ಹಗ್ಗ ಹೊಸೆಯುವುದಕ್ಕೆಂದು ನೀರಿನ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಆತನ ಇಷ್ಟಲಿಂಗವು ಜಾರಿ ನೀರಿಗೆ ಬೀಳುತ್ತದೆ. ಚಂದಯ್ಯನು ಕಾಯಕವನ್ನು ಬಿಡದೆ ಹುಲ್ಲಿನ ಹೊರೆ ಹೊತ್ತು ಹೊರಡುತ್ತಾನೆ. ಲಿಂಗವೇ ಆತನನ್ನು ಹಿಂಬಾಲಿಸಬೇಕಾಗುತ್ತದೆ. ಕೆರೆಯ ದಡದ ಹುಲ್ಲನ್ನು ನಂಬಿ ಬಾಳುವ ಬಡ ಶರಣನೊಬ್ಬನ ದುಡಿಮೆಗೆ ಸಂದ ಈ ಗೌರವವು ನಮ್ಮ ವಿಷಯಕ್ಕೆ ಮುಂದೆಯೂ ಪ್ರಸ್ತುತವಾಗಲಿದೆ.

ವಿಜಯನಗರದ ಅರಸರಿಂದ ಕೆಂಪೇಗೌಡರ ಮನೆತನಕ್ಕೆ ಬಂದ ಹೋಬಳಿಗಳಲ್ಲಿ ಹಲಸೂರೂ ವರ್ತೂರೂ ಸೇರಿದ್ದವೆಂಬುದು ಪ್ರಸಿದ್ಧ ಐತಿಹ್ಯ. ಸೋಮೇಶ್ವರ ದೇವಾಲಯದಿಂದ ವಿಖ್ಯಾತವಾದ ಹಲಸೂರಿನ ಕೆರೆಯು ಇಮ್ಮಡಿ ಕೆಂಪೇಗೌಡನ ಹೆಸರಿನೊಡನೆ ಬೆರೆತಿದೆ. 1809ರ ವೇಳೆಗೆ ಬ್ರಿಟಿಷರು ಶ್ರೀರಂಗಪಟ್ಟಣವನ್ನು ತೊರೆದು ಹಲಸೂರಿನ ಸುತ್ತ ತಮ್ಮ ದಂಡನ್ನು ನೆಲೆಗೊಳಿಸಿದಾಗ ಈ ಕೆರೆಗಳ ಇತಿಹಾಸದಲ್ಲಿ ಹೊಸ ಅಧ್ಯಾಯವು ಆರಂಭವಾಯಿತು. ಸಹಸ್ರಾರು ಸೈನಿಕರಿಗೂ ಅವರ ಕುದುರೆಗಳಿಗೂ ನೀರು ಬೇಕಾಯಿತು. 1862ರಿಂದ 1870ರವರೆಗೆ ಕಮಿಷನರ್ ಆಗಿದ್ದ ಬೌರಿಂಗನು ಹಲಸೂರು ಕೆರೆಯನ್ನು ಅಭಿವೃದ್ಧಿಪಡಿಸಿದನು. 1882ರಲ್ಲಿ ದಂಡಿನ ನೀರಿಗಾಗಿಯೇ ಸ್ಯಾಂಕಿ ಕೆರೆ ನಿರ್ಮಾಣವಾಯಿತು. ಅದರ ನಿರ್ಮಾತೃವಾದ ರಿಚರ್ಡ್ ಸ್ಯಾಂಕಿಯು ಮೈಸೂರಿನ ಕೆರೆಗಳನ್ನು ಪರಿಶೀಲಿಸಿದ ಬಳಿಕ, ಹೊಸ ಕೆರೆಯೊಂದಕ್ಕೆ ತಾವು ಹುಡುಕುವುದೇ ಕಷ್ಟವೆನ್ನುವಷ್ಟರ ಮಟ್ಟಿಗೆ ಪೂರ್ವಿಕರು ಈ ನಾಡನ್ನು ಕೆರೆಗಳಿಂದ ತುಂಬಿದ್ದಾರೆಂದು ಬೆರಗಿನಿಂದ ಬರೆದನು.

ಆದರೆ ಈ ಮೆಚ್ಚುಗೆಯ ಕಾಲದಲ್ಲಿಯೇ ಹಳೆಯ ಬಂಧವು ಸಡಿಲವಾಗತೊಡಗಿತ್ತು. 1856ರಲ್ಲಿ ಮೈಸೂರಿನ ಲೋಕೋಪಯೋಗಿ ಇಲಾಖೆಯು ಸ್ಥಾಪಿತವಾದ ಮೇಲೆ ಕೆರೆಯ ದುರಸ್ತಿಯು ಕ್ರಮೇಣ ಊರಿನ ಕೈತಪ್ಪಿ ಕಚೇರಿಯ ಕಡತವನ್ನು ಸೇರಿತು. ದುರಸ್ತಿಯ ಹೊಣೆಯನ್ನು ಮರಳಿ ಊರಿಗೆ ಒಪ್ಪಿಸುವ ಉದ್ದೇಶದಿಂದ ಮೈಸೂರು ಸಂಸ್ಥಾನವು 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನನ್ನು ತಂದುದು ಈ ಸಡಿಲಿಕೆಯನ್ನು ಸರ್ಕಾರವೇ ಅರಿತಿದ್ದಿತೆಂಬುದಕ್ಕೆ ನಿದರ್ಶನ. ಇತ್ತ ನಗರದಲ್ಲಿ 1890ರ ದಶಕದಲ್ಲಿ ಹೆಸರಘಟ್ಟದಿಂದಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ 1974ರಲ್ಲಿ ಕಾವೇರಿಯಿಂದಲೂ ನೀರು ಕೊಳವೆಗಳಲ್ಲಿ ಹರಿದುಬಂದಿತು. ಜನರಿಗೆ ಇದರಿಂದ ಆದ ಉಪಕಾರ ಅಪಾರ. ಆದರೆ ನಲ್ಲಿಯಲ್ಲಿ ನೀರು ಬಂದ ದಿನದಿಂದ ಮನೆಯ ಮುಂದಿನ ಕೆರೆಯು ಬತ್ತಿದರೂ ತುಂಬಿದರೂ ಯಾರಿಗೂ ಏನೂ ಆಗದಂತಾಯಿತು. ಬಿಟ್ಟುವಟದ ಮೂಲಕ ಪ್ರಾಚೀನರು ಹೆಣೆದಿದ್ದ ಗಂಟು ಹೀಗೆ ಬಿಚ್ಚಿಹೋಯಿತು.

ಗಂಟು ಬಿಚ್ಚಿದ ಮೇಲೆ ಕೆರೆಯು ಬರಿಯ ನಿವೇಶನವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ದಂಡಿನ ಮಿಲ್ಲರ್ ಕೆರೆಯೂ ಶೂಲೆ ಕೆರೆಯೂ ಕಣ್ಮರೆಯಾದವು. ಚಲ್ಲಘಟ್ಟದ ಕೆರೆಯು ಗಾಲ್ಫ್ ಮೈದಾನವಾಯಿತು. ಕೋರಮಂಗಲದ ಕೆರೆಯ ಅಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಂಕೀರ್ಣವೆದ್ದಿತು. 1985ರಲ್ಲಿ ಸರ್ಕಾರವು ನೇಮಿಸಿದ ಎನ್. ಲಕ್ಷ್ಮಣರಾವ್ ಸಮಿತಿಯು ಇನ್ನು ಮುಂದೆ ಕೆರೆಗಳನ್ನು ಒಡೆಯಬಾರದು, ಕೊಳಚೆಯನ್ನು ತಡೆಯಬೇಕು, ಹೂಳನ್ನು ತೆಗೆಯಬೇಕೆಂದು ಸೂಚಿಸಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರವೂ ರಚಿತವಾಯಿತು. ಆದರೆ ಅದೇ ಪ್ರಾಧಿಕಾರದ ಕಾಲದಲ್ಲಿ ಕೆಲವು ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡುವ ಯೋಜನೆಯು ರೂಪುಗೊಂಡಿತು. ಹೆಬ್ಬಾಳ ನಾಗವಾರಗಳೊಡನೆ ಕೃಷ್ಣರಾಜಪುರದ ವೆಂಗಯ್ಯನ ಕೆರೆಯೂ ಅಗರದ ಕೆರೆಯೂ ಆ ಪಟ್ಟಿಯಲ್ಲಿದ್ದವು. ಸಾವಿರದ ನೂರು ವರ್ಷಗಳ ಹಿಂದೆ ಬಿಟ್ಟುವಟದ ಶಾಸನವನ್ನು ಪಡೆದ ಅಗರವೇ ಗುತ್ತಿಗೆಯ ಪತ್ರದಲ್ಲಿಯೂ ಹೆಸರಾದುದು ಇತಿಹಾಸದ ವಿಡಂಬನೆ. ಬಿಟ್ಟುವಟದಲ್ಲಿ ಲಾಭವು ಕೆಲಸವನ್ನು ಹಿಂಬಾಲಿಸುತ್ತಿತ್ತು. ಗುತ್ತಿಗೆಯಲ್ಲಿ ಕೆಲಸವು ಲಾಭವನ್ನು ಹಿಂಬಾಲಿಸಬೇಕಾಗಿತ್ತು. ನಾಗರಿಕರು ಹೂಡಿದ ದಾವೆಯಲ್ಲಿ 2012ರಲ್ಲಿ ಉಚ್ಚ ನ್ಯಾಯಾಲಯವು ಕೆರೆಗಳ ರಕ್ಷಣೆಯ ಪರವಾಗಿ ತೀರ್ಪಿತ್ತಿತು.

ಈ ಹಿನ್ನೆಲೆಯಲ್ಲಿ ಕೈಕೊಂಡ್ರಹಳ್ಳಿಯ ಪ್ರಯತ್ನವನ್ನು ಪರಿಶೀಲಿಸಬೇಕು. ಸುಮಾರು 48 ಎಕರೆಗಳ ಈ ಕೆರೆಯು ಒಂದು ಕಾಲಕ್ಕೆ ಊರಿನ ಗದ್ದೆಗೂ ದನಕರುಗಳಿಗೂ ಆಧಾರವಾಗಿತ್ತು. ಸುತ್ತಲೂ ಬಡಾವಣೆಗಳೂ ಬಹುಮಹಡಿ ವಸತಿಗಳೂ ಎದ್ದ ಮೇಲೆ ಕೊಳಚೆಯೂ ಕಸವೂ ಅದನ್ನು ಆವರಿಸಿದವು. 2007ರಲ್ಲಿ ಮಹದೇವಪುರ ಪ್ರದೇಶವು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾದ ಬಳಿಕ, ದಡದ ಮನೆಗಳ ನಿವಾಸಿಗಳೂ ಊರಿನ ಹಳಬರೂ ಪರಿಸರತಜ್ಞರೂ ಕೂಡಿ ಪಾಲಿಕೆಯ ಇಂಜಿನಿಯರುಗಳೊಡನೆ ಮಾತುಕತೆ ನಡೆಸಿದರು. 2009ರಿಂದ 2011ರ ಅವಧಿಯಲ್ಲಿ ಪಾಲಿಕೆಯು ತನ್ನ ವೆಚ್ಚದಲ್ಲಿ ಕೊಳಚೆಯನ್ನು ಬೇರೆಡೆಗೆ ತಿರುಗಿಸಿ, ಹೂಳೆತ್ತಿ, ಏರಿಯನ್ನು ಬಲಪಡಿಸಿತು. ನಿವಾಸಿಗಳು ‘ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ’ಯೆಂಬ ವಿಶ್ವಸ್ತ ಸಂಸ್ಥೆಯನ್ನು ಕಟ್ಟಿಕೊಂಡು, ಪಾಲಿಕೆಯೊಡನೆ ಒಡಂಬಡಿಕೆ ಮಾಡಿಕೊಂಡು, ಕಾವಲು, ಶುಚಿತ್ವ, ಗಿಡಮರಗಳ ಪಾಲನೆಗಳ ಹೊಣೆಯನ್ನು ಹೊತ್ತರು. ಅರ್ಥಶಾಸ್ತ್ರದಲ್ಲಿ 2009ರ ನೊಬೆಲ್ ಪುರಸ್ಕಾರವನ್ನು ಪಡೆದ ಎಲಿನರ್ ಆಸ್ಟ್ರಮ್ ಅವರು ಹರಿಣಿ ನಾಗೇಂದ್ರ ಅವರೊಡಗೂಡಿ ಬೆಂಗಳೂರಿನ ಕೆರೆಗಳನ್ನು ಕುರಿತು ನಡೆಸಿದ ಅಧ್ಯಯನವು 2014ರಲ್ಲಿ ಪ್ರಕಟವಾಯಿತು. ಜನರು ತಾವೇ ನಿಯಮಗಳನ್ನು ರೂಪಿಸಿಕೊಂಡು ಸಾಮುದಾಯಿಕ ಸಂಪತ್ತನ್ನು ಕಾಯಬಲ್ಲರೆಂಬ ಆಸ್ಟ್ರಮ್ ಅವರ ಸಿದ್ಧಾಂತವು ನಮ್ಮ ನೀರಗಂಟಿಗಳಿಗೆ ಹೊಸ ಸಂಗತಿಯೇನಲ್ಲ.

ಆದರೂ ಅಂದಿನ ಊರಿಗೂ ಇಂದಿನ ಬಡಾವಣೆಗೂ ಇರುವ ಅಂತರವನ್ನು ಮರೆಯಲಾಗದು. ಮೊದಲನೆಯ ಅಂತರವು ಹೂಳಿಗೆ ಸಂಬಂಧಿಸಿದುದು. ಹಿಂದಿನ ಹೂಳು ಹೊಲದ ಮೇಲ್ಮಣ್ಣು. ಇಂದು ನಗರದ ಅನೇಕ ಕೆರೆಗಳ ಹೂಳಿನಲ್ಲಿ ಕೊಳಚೆಯ ಸಾರವೂ ಭಾರಲೋಹಗಳೂ ಮಾರ್ಜಕಗಳ ರಂಜಕವೂ ಬೆರೆತಿವೆ. ಬೆಳ್ಳಂದೂರಿನ ಕೆರೆಯು 2015ರಲ್ಲಿ ನೊರೆಯುಗುಳಿ, 2017 ಹಾಗೂ 2018ರಲ್ಲಿ ಹೊತ್ತಿ ಉರಿದುದನ್ನು ಲೋಕವೇ ಕಂಡಿದೆ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಕೆರೆಗಳ ಪುನಶ್ಚೇತನಕ್ಕಾಗಿ 500 ಕೋಟಿ ರೂಪಾಯಿಗಳನ್ನು ಮೀಸಲಿಡುವಂತೆ ರಾಜ್ಯಕ್ಕೆ ಆದೇಶಿಸಬೇಕಾಯಿತು. ವರ್ಷವರ್ಷವೂ ಬಂಡಿಗಳಲ್ಲಿ ಹೋಗಬೇಕಾಗಿದ್ದ ಹೂಳು ದಶಕಗಳ ಕಾಲ ಕುಳಿತರೆ ತೆರಬೇಕಾದ ಬೆಲೆಯೇ ಇದು. ಹೂಳೆತ್ತುವುದರಲ್ಲಿಯೂ ವಿವೇಕ ಬೇಕು. ಯಂತ್ರಗಳಿಂದ ಮನಬಂದಂತೆ ಅಗೆದರೆ ನೀರನ್ನು ಹಿಡಿದಿಡುವ ತಳದ ಜೇಡಿಯ ಪದರವು ಹರಿದುಹೋಗುತ್ತದೆ. ಏರಿಯ ಬುಡದವರೆಗೂ ಆಳವಾಗಿ ತೋಡಿದರೆ ಏರಿಯೇ ದುರ್ಬಲವಾಗುತ್ತದೆ.

ಎರಡನೆಯ ಅಂತರವು ಅಧಿಕಾರದ್ದು. ಕೆರೆಯು ಸರ್ಕಾರದ ಸ್ವತ್ತು, ನಿವಾಸಿಗಳದು ಸೇವೆ ಮಾತ್ರ. 2020ರಲ್ಲಿ ಉಚ್ಚ ನ್ಯಾಯಾಲಯವು ಕೆರೆಗಳ ವಿಷಯದಲ್ಲಿ ಪಾಲಿಕೆಯು ಖಾಸಗಿ ಸಂಸ್ಥೆಗಳೊಡನೆ ಒಡಂಬಡಿಕೆ ಮಾಡಿಕೊಳ್ಳುವುದನ್ನು ತಡೆಯಿತು. ಸಾರ್ವಜನಿಕ ಸ್ವತ್ತು ವ್ಯಾಪಾರದ ಪಾಲಾಗಬಾರದೆಂಬ ಕಾಳಜಿಯು ಅದರಲ್ಲಿತ್ತು. ಆದರೆ ಲಾಭವನ್ನು ಬಯಸದೆ ದುಡಿಯುತ್ತಿದ್ದ ನಾಗರಿಕ ಸಮಿತಿಗಳ ಸ್ಥಾನವೂ ಅದರಿಂದ ಅನಿಶ್ಚಿತವಾಯಿತು. ಸಿರಿಮಯ್ಯನಿಗೆ ದೊರೆತಂತಹ ಶಾಸನಸಮ್ಮತ ಸ್ಥಾನವೊಂದು ಇಂದಿನ ಕೆರೆಪಾಲಕರಿಗೆ ದೊರೆಯಬೇಕಾದುದು ಅಗತ್ಯ. ಆದರೆ ಆ ಸ್ಥಾನವು ಒಡೆತನದ್ದಾಗಿರದೆ ಹೊಣೆಗಾರಿಕೆಯದಾಗಿರಬೇಕು.

ಮೂರನೆಯ ಅಂತರವೇ ಎಲ್ಲಕ್ಕಿಂತ ಮುಖ್ಯವಾದುದು. ಕೆರೆಯು ಯಾರದು? ಪ್ರಾಚೀನ ವ್ಯವಸ್ಥೆಯನ್ನು ಸರ್ವಥಾ ಆದರ್ಶವೆಂದು ಕೊಂಡಾಡುವುದು ಸತ್ಯಕ್ಕೆ ದೂರವಾದೀತು. ತೂಬನ್ನು ಕಾದು, ಹೂಳನ್ನು ಹೊತ್ತ ಕೈಗಳು ಬಹುಮಟ್ಟಿಗೆ ಕೆಳಜಾತಿಗಳೆಂದು ದೂರವಿಡಲ್ಪಟ್ಟವರ ಕೈಗಳು. ಅವರು ಕಾಯ್ದ ನೀರನ್ನು ಮುಟ್ಟಲು ಅವರಿಗೇ ಅನೇಕ ಕಡೆ ಅವಕಾಶವಿರಲಿಲ್ಲ. ಇಂದಿನ ಅಪಾಯವು ಮತ್ತೊಂದು ರೂಪದ್ದು. ಕೆರೆಯು ಚೆಲುವಾದೊಡನೆ ದಡದ ಮನೆಯ ಬೆಲೆ ಏರುತ್ತದೆ. ಬೇಲಿಯೂ ಬಾಗಿಲೂ ವೇಳಾಪಟ್ಟಿಯೂ ಬರುತ್ತವೆ. ಹುಲ್ಲು ಕೊಯ್ಯುವವನು, ದನ ಮೇಯಿಸುವವನು, ಮೀನು ಹಿಡಿಯುವವನು ಅತಿಕ್ರಮಣಕಾರರಂತೆ ಕಾಣತೊಡಗುತ್ತಾರೆ. ನುಲಿಯ ಚಂದಯ್ಯನು ಇಂದು ಕುಡುಗೋಲು ಹಿಡಿದು ಬಂದರೆ ಕಾವಲುಗಾರನು ಆತನನ್ನು ಒಳಗೆ ಬಿಡುವನೇ ಎಂಬುದೇ ಯಾವುದೇ ಕೆರೆಸಮಿತಿಗೆ ಸರಿಯಾದ ಪರೀಕ್ಷೆ. ಕೈಕೊಂಡ್ರಹಳ್ಳಿಯಲ್ಲಿ ಮೇವಿಗಾಗಿ ಹುಲ್ಲು ಕೊಯ್ಯುವವರಿಗೆ ಎಡೆಯನ್ನು ಉಳಿಸಿ, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೆರೆಯನ್ನು ತೆರೆದಿಟ್ಟು, ಗಣೇಶ ವಿಸರ್ಜನೆಗೆ ಪ್ರತ್ಯೇಕ ಕಲ್ಯಾಣಿಯನ್ನು ಏರ್ಪಡಿಸಿದುದು ಈ ದೃಷ್ಟಿಯಿಂದ ಅಭಿನಂದನೀಯ. ಏರಿಯ ಕಲ್ಲುಕಟ್ಟಣೆಗಿಂತಲೂ ಈ ಔದಾರ್ಯವೇ ಆ ಕೆರೆಗೆ ಹೆಚ್ಚಿನ ಭದ್ರತೆ.

ದಡದ ಮನೆಯವನು ತೂಬಿನ ನೀರಿನಿಂದ ಗದ್ದೆ ಬೆಳೆಯುವುದಿಲ್ಲ, ನಿಜ. ಆದರೆ ಕೆರೆ ತುಂಬಿದರೆ ಸುತ್ತಲಿನ ಕೊಳವೆಬಾವಿಗಳ ಒರತೆ ಹೆಚ್ಚುತ್ತದೆ. ಏರಿಯೂ ಕೋಡಿಯೂ ಸುಸ್ಥಿತಿಯಲ್ಲಿದ್ದರೆ ಬಿರುಮಳೆಯಲ್ಲಿ ಮನೆಗಳಿಗೆ ನೀರು ನುಗ್ಗುವ ಭಯ ಕಡಿಮೆಯಾಗುತ್ತದೆ. ಬಿಚ್ಚಿದ ಗಂಟನ್ನು ಮತ್ತೆ ಕಟ್ಟುವುದಕ್ಕೆ ಇಷ್ಟು ಪ್ರಯೋಜನ ಸಾಕು. ಆದರೆ ಪ್ರಯೋಜನವೊಂದೇ ಸಾಲದೆಂಬುದನ್ನು ಶರಣರು ಕಂಡುಕೊಂಡಿದ್ದರು. ದುಡಿಮೆಯು ಕಾಯಕವಾಗುವುದು ಅದರ ಫಲವು ದಾಸೋಹವಾದಾಗ. ತನ್ನ ಮನೆಯ ಕಿಟಕಿಯ ನೋಟಕ್ಕಾಗಿ ಕೆರೆಯನ್ನು ಕಾಯುವುದು ಭೋಗ. ಕೋಡಿಯಾಚೆಯ, ತಾನು ಎಂದೂ ಕಾಣದ ಊರಿನ ಕ್ಷೇಮಕ್ಕಾಗಿಯೂ ಕಾಯುವುದು ದಾಸೋಹ.

ಕೃಷ್ಣರಾಜಪುರದಾಚೆ ಹಳೆಯ ಮದ್ರಾಸು ರಸ್ತೆಯ ಬದಿಯಲ್ಲಿರುವ ದೊಡ್ಡ ಕೆರೆಯು ಇಂದಿಗೂ ಎಲೆ ಮಲ್ಲಪ್ಪಶೆಟ್ಟರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ವೀಳ್ಯದೆಲೆಯ ವ್ಯಾಪಾರದಿಂದ ಗಳಿಸಿದುದನ್ನು ಜನರ ನೀರಿಗಾಗಿ ವಿನಿಯೋಗಿಸಿದ ಆ ಪುಣ್ಯಪುರುಷರ ಹೆಸರು ಉಳಿದುದು ಉಚಿತವೇ ಆಗಿದೆ. ಆದರೆ ಹೆಸರು ಕೆರೆಯನ್ನು ಕಾಯಲಾರದು. ಒಮ್ಮೆ ಕಟ್ಟಿ ನಿಲ್ಲಿಸಿದ ಏರಿಯು ಸ್ಥಾವರ. ಪ್ರತಿ ವರ್ಷವೂ ಅದರ ಬಳಿಗೆ ಬಂದು ಮಣ್ಣು ಹೊರುವ ಕೈಗಳೇ ಜಂಗಮ. ಸಿರಿಮಯ್ಯನು ತೂಬನ್ನಿಡಿಸಿದ ಕಾಲದಿಂದ ಇಂದಿನವರೆಗೆ ಉಳಿದುಬಂದಿರುವ ಕೆರೆಗಳೆಲ್ಲವೂ ಈ ಜಂಗಮದಿಂದಲೇ ಉಳಿದವು. ಮುಂದಿನ ಮಳೆಗಾಲಕ್ಕೆ ಮುನ್ನ ಆ ಕೈಗಳು ಮತ್ತೆ ಏರಿಯನ್ನೇರುವಂತಾದರೆ ಕೆರೆಗಳು ಇನ್ನು ಮುಂದೆಯೂ ಉಳಿಯುವುವು.